ಹಿತ್ತಿಲಲ್ಲಿ ಕಲ್ಲುಬೆಂಚು, ಒಲೆಕಟ್ಟೆ, ಬೆಂಕಿಗುಂಡಿ: ಪಾಯ ತೋಡುವ ಮೊದಲು ಹಾಕಬೇಕಾದ ಲೆಕ್ಕ

ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಕ್ಕೆ ಯಾವ ಪ್ಲಾನೂ ಬೇಡ. ಬಿಸಿಲು ಮುಖಕ್ಕೆ ಬಂದರೆ ಎಳೆದು ನೆರಳಿಗೆ ಹಾಕಿಕೊಳ್ಳುತ್ತೀರಿ. ನಾಲ್ಕು ಜನ ಜಾಸ್ತಿ ಬಂದರೆ ಒಳಗಿನಿಂದ ಇನ್ನೆರಡು ತರುತ್ತೀರಿ. ಕಲ್ಲಲ್ಲಿ ಕಟ್ಟಿದ ಬೆಂಚು ಹಾಗೆ ಮಾತು ಕೇಳುವುದಿಲ್ಲ. ತಪ್ಪು ಕಡೆಗೆ ಮುಖ ಮಾಡಿ ಕೂತಿತು ಅಂದರೆ ಇಪ್ಪತ್ತು ವರ್ಷ ಹಾಗೇ ಕೂತಿರುತ್ತದೆ.

ಅದಕ್ಕೇ ನನ್ನ ಮೊದಲ ಸಲಹೆ ಸ್ವಲ್ಪ ಉಲ್ಟಾ ಅನ್ನಿಸಬಹುದು. ಆದಷ್ಟು ಕಡಿಮೆ ಕಟ್ಟಿಸಿ. ಮನಸ್ಸಿನಲ್ಲಿರುವ ಒಂದೊಂದು ವಸ್ತುವಿಗೂ ಮೂರು ಪ್ರಶ್ನೆ ಕೇಳಿ. ಇದಕ್ಕೆ ನೀರಿನದೋ ಗ್ಯಾಸಿನದೋ ಪೈಪ್ ಬೇಕಾ? ವೈರ್ ಬೇಕಾ? ಇದು ಮಣ್ಣು ತಡೆಯಬೇಕಾ, ಅಥವಾ ಭಾರ ಹೊರಬೇಕಾ? ಒಂದಕ್ಕಾದರೂ ಹೌದು ಅಂತ ಬಂದರೆ ಕಟ್ಟಿಸಿ. ಮೂರಕ್ಕೂ ಇಲ್ಲ ಅಂದರೆ ಅದು ಅಂಗಡಿಯಿಂದ ತಂದಿಡುವ ಸಾಮಾನು. ಊಟದ ಟೇಬಲ್ ಇದಕ್ಕೆ ಒಳ್ಳೆ ಉದಾಹರಣೆ. ಕಟ್ಟಿದ ಟೇಬಲ್ಲಿಗೆ ಕಟ್ಟಿದ ಬೆಂಚು ಸೇರಿಸಿದರೆ ಒಳಗೆ ಕೂತವರು ಎದ್ದು ಬರಲು ಸಾಲಿನಲ್ಲಿರುವವರೆಲ್ಲ ಏಳಬೇಕು. ಬೆಂಚು ಕಟ್ಟಿಸಿ, ಟೇಬಲ್ ತಂದಿಡಿ.

ಮೊದಲ ಹೆಜ್ಜೆ: ಎರಡು ವಾರ ಸುಮ್ನೆ ನೋಡಿ

ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಮತ್ತು ಆರಕ್ಕೆ ಹಿತ್ತಿಲಿನ ಫೋಟೋ ತೆಗೆಯಿರಿ. ಒಂದೇ ಜಾಗದಲ್ಲಿ ನಿಂತು, ಒಂದೇ ಕಡೆಗೆ ಮುಖ ಮಾಡಿ. ನೆರಳು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಅಂತ ಆಗ ಗೊತ್ತಾಗುತ್ತದೆ. ನೀವು ಹೊರಗೆ ಕೂರುವುದು ಹೆಚ್ಚಾಗಿ ಸಂಜೆ ಅಂದರೆ ಸಂಜೆಯ ಬಿಸಿಲಿನ ಲೆಕ್ಕವೇ ಮುಖ್ಯ. ಒಂದು ವಿಷಯ ಮರೆಯಬೇಡಿ: ಸೂರ್ಯನ ದಾರಿ ವರ್ಷವಿಡೀ ಒಂದೇ ಇರುವುದಿಲ್ಲ. ಈ ತಿಂಗಳು ನೆರಳಿರುವ ಮೂಲೆ ಆರು ತಿಂಗಳ ಮೇಲೆ ಕಾದ ಹೆಂಚಾಗಬಹುದು.

ಗಾಳಿಗೆ ಒಂದು ಸುಲಭದ ಉಪಾಯವಿದೆ. ಕೋಲಿಗೆ ತೆಳು ರಿಬ್ಬನ್ ಕಟ್ಟಿ ನೆಲದಲ್ಲಿ ನೆಡಿ. ಅದು ಸಂಜೆ ಹೊತ್ತು ಹೆಚ್ಚಾಗಿ ಯಾವ ಕಡೆಗೆ ಹಾರುತ್ತದೆ ಅಂತ ಬರೆದಿಡಿ. ಒಲೆ ಮತ್ತು ಬೆಂಕಿಗುಂಡಿಯ ಜಾಗವನ್ನು ಈ ರಿಬ್ಬನ್ನೇ ಹೇಳುತ್ತದೆ. ಮಳೆ ಬಂದರೆ ಛತ್ರಿ ಹಿಡಿದು ಹೊರಗೆ ನಿಲ್ಲಿ. ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು, ಯಾವ ಮೂಲೆ ಎರಡನೇ ದಿನವೂ ಕೆಸರಾಗಿತ್ತು? ಆ ಮೂಲೆಯಲ್ಲಿ ಪಾಯ ತೋಡುವುದಾದರೆ ಮೊದಲು ನೀರಿಗೆ ದಾರಿ ಮಾಡಬೇಕು.

ಮನೆಯವರು ನಡೆದು ನಡೆದು ಹುಲ್ಲು ಸವೆದ ದಾರಿ ಇರುತ್ತದಲ್ಲ, ಅದನ್ನೂ ಗುರುತು ಮಾಡಿಕೊಳ್ಳಿ. ಅದಕ್ಕೆ ಅಡ್ಡ ಕಟ್ಟಿದರೆ ಜನ ನಿಮ್ಮ ಹೊಸ ಹೂವಿನ ಪಾತಿ ತುಳಿದುಕೊಂಡು ಹೋಗುತ್ತಾರೆ. ಬೈದು ಪ್ರಯೋಜನವಿಲ್ಲ.

ಎರಡನೆಯದು: ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬರೆಯಿರಿ

ಕಾಗದದ ಮೇಲೆ ಎಲ್ಲವೂ ಹಿಡಿಸುತ್ತದೆ. ನೆಲದ ಮೇಲೆ ಹಿಡಿಸುವುದಿಲ್ಲ. ಹಗ್ಗ ಅಥವಾ ಗಿಡಕ್ಕೆ ನೀರು ಹಾಕುವ ಪೈಪನ್ನು ಅಂಚಿನ ಆಕಾರಕ್ಕೆ ಮಲಗಿಸಿ, ಅದರ ಪಕ್ಕ ಸುಣ್ಣದ ಪುಡಿ ಎಳೆಯಿರಿ. ಬೆಂಚು, ಒಲೆಕಟ್ಟೆ ಬರುವ ಕಡೆ ರಟ್ಟಿನ ಡಬ್ಬ ಜೋಡಿಸಿ. ಆಮೇಲೆ ಎರಡೂ ಕೈಯಲ್ಲಿ ಒಂದು ದೊಡ್ಡ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಅಲ್ಲಿಗೆ ನಡೆಯಿರಿ. ಮೊಣಕೈ ಎಲ್ಲಿ ತಾಗುತ್ತದೋ ಅಲ್ಲಿ ಜಾಗ ಸಾಲದು.

ಒಬ್ಬರು ನಡೆಯುವ ದಾರಿಗೆ 3 ಅಡಿ ಬೇಕು. ಇಬ್ಬರು ಎದುರು ಬದುರು ಹಾಯಬೇಕಾದರೆ 4 ಅಡಿ. ಟೇಬಲ್ ಅಂಚಿನಿಂದ ಹಿಂದಿನ ಗೋಡೆಗೆ 3 ಅಡಿ ಇದ್ದರೆ ಕುರ್ಚಿ ಹಿಂದೆ ಸರಿಸಿ ಏಳಬಹುದು, ಅಷ್ಟೇ. ಕೂತವರ ಬೆನ್ನ ಹಿಂದೆ ಇನ್ನೊಬ್ಬರು ಓಡಾಡಬೇಕು ಅಂದರೆ ಅದಕ್ಕೂ ಜಾಸ್ತಿ ಬಿಡಿ. ಬೆಂಚಿನ ಮೇಲೆ ಒಬ್ಬರಿಗೆ 2 ಅಡಿ ಅಗಲ ಲೆಕ್ಕ ಹಾಕಿ. ಅಂದರೆ 8 ಅಡಿ ಬೆಂಚಿಗೆ ನಾಲ್ಕು ಜನ. ಐದನೆಯವರು ಹಿಡಿಸುತ್ತಾರೆ ಅನ್ನೋದು ಫೋಟೋಗೆ ಮಾತ್ರ.

ಮೆಟ್ಟಿಲು ಬರುವುದಾದರೆ ಒಂದು ಹಳೆ ಲೆಕ್ಕವಿದೆ. ಮೆಟ್ಟಿಲ ಎತ್ತರದ ಎರಡರಷ್ಟಕ್ಕೆ ತುಳಿಯುವ ಅಗಲ ಕೂಡಿಸಿದರೆ 24ರಿಂದ 26 ಇಂಚು ಬರಬೇಕು. ಎತ್ತರ 6 ಇಂಚು, ಅಗಲ 13 ಇಂಚು ಇಟ್ಟರೆ ಹೊರಗಿನ ಮೆಟ್ಟಿಲಿಗೆ ಹಿತವಾಗಿರುತ್ತದೆ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಲಿ. ಒಂದು ಇಂಚು ಹೆಚ್ಚುಕಮ್ಮಿ ಆದರೂ ಕಾಲು ಎಡವುತ್ತದೆ.

ಈ ಸುಣ್ಣದ ಗೆರೆಯನ್ನು ಒಂದು ವಾರ ಅಳಿಸಬೇಡಿ. ಡಬ್ಬಗಳ ಮೇಲೆ ಕೂರಲಾಗದಿದ್ದರೂ ಅವುಗಳ ಪಕ್ಕ ಕುರ್ಚಿ ಹಾಕಿ ಕೂರಿ. ಪಕ್ಕದ ಮನೆಯ ಕಿಟಕಿ ನೇರ ನಿಮ್ಮ ಮುಖಕ್ಕೇ ಇದೆ ಅಂತ ಗೊತ್ತಾಗುವುದು ಆಗಲೇ.

ಮೂರನೆಯದು: ಬೆಂಚಿನ ಎತ್ತರ, ಅದೂ ಮುಗಿದ ನೆಲದಿಂದ

ಇಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಕೂರುವ ಎತ್ತರ 16ರಿಂದ 18 ಇಂಚು ಇರಬೇಕು ಅಂತ ಗೊತ್ತಿತ್ತು. ಮೇಸ್ತ್ರಿಗೆ 18 ಅಂದೆ. ಅವರು ಟೇಪ್ ಹಿಡಿದು ಇಟ್ಟಿಗೆಯನ್ನು ಸರಿಯಾಗಿ 18 ಇಂಚಿಗೇ ನಿಲ್ಲಿಸಿದರು. ಅದರ ಮೇಲೆ ಮುಕ್ಕಾಲು ಇಂಚು ಗಾರೆ ಬಿತ್ತು. ಗಾರೆ ಮೇಲೆ ಒಂದೂವರೆ ಇಂಚಿನ ಕಲ್ಲು ಕೂತಿತು. ನಾನು ತಂದ ಮೆತ್ತೆ ಇನ್ನೊಂದೆರಡು ಇಂಚು. ಕೊನೆಗೆ ಕೂತು ನೋಡಿದರೆ ನನ್ನ ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲ. ಹತ್ತು ನಿಮಿಷಕ್ಕೆ ತೊಡೆ ಜೋಮು ಹಿಡಿಯುತ್ತಿತ್ತು. ಮೇಸ್ತ್ರಿಯ ತಪ್ಪೇನಿರಲಿಲ್ಲ. ನಾನು ಹೇಳಬೇಕಾಗಿದ್ದುದು ಇಟ್ಟಿಗೆಯ ಎತ್ತರ, ಹೇಳಿದ್ದು ಬೆಂಚಿನ ಎತ್ತರ.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಕೂತಾಗ ಬೇಕಾದ ಎತ್ತರದಿಂದ ಮೆತ್ತೆ ಅಮುಕಿದ ಮೇಲೆ ಉಳಿಯುವ ದಪ್ಪ, ಕಲ್ಲಿನ ದಪ್ಪ, ಗಾರೆಯ ದಪ್ಪ ಕಳೆಯಿರಿ. ನೆಲಕ್ಕೆ ಇನ್ನೂ ಟೈಲ್ಸ್ ಹಾಕಿಲ್ಲ ಅಂದರೆ ಅದರ ದಪ್ಪವನ್ನು ಕೂಡಿಸಿ. ಬಂದ ಅಂಕಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡಿ. ಬಾಯಲ್ಲಿ ಹೇಳಿದ್ದು ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಬದಲಾಗಿರುತ್ತದೆ.

ಕೂರುವ ಆಳ 16ರಿಂದ 20 ಇಂಚು. ಬೆನ್ನಿಗೆ ಒರಗು ಇದ್ದರೆ ಅದು ನೆಟ್ಟಗೆ ನಿಂತಿರಬಾರದು, ಸ್ವಲ್ಪ ಹಿಂದಕ್ಕೆ ವಾಲಬೇಕು. ಬೆಂಚಿನ ಮುಂದಿನ ಅಂಚನ್ನು ಕೆಳಗಿನ ಗೋಡೆಗಿಂತ ಎರಡು ಮೂರು ಇಂಚು ಮುಂದೆ ಚಾಚಿಸಿ. ಏಳುವಾಗ ಹಿಮ್ಮಡಿ ಹಿಂದಕ್ಕೆ ಹೋಗಬೇಕು, ಅದಕ್ಕೆ ಜಾಗ ಬೇಕು. ವಯಸ್ಸಾದವರು ಮನೆಯಲ್ಲಿದ್ದರೆ ಇದು ಇನ್ನೂ ಮುಖ್ಯ. ಅದೇ ಚಾಚಿನ ಕೆಳಗೆ ಮುಂದೆ ದೀಪವನ್ನೂ ಬಚ್ಚಿಡಬಹುದು.

ಬೆಂಚಿನೊಳಗೆ ಸಾಮಾನು ಇಡುವ ಪೆಟ್ಟಿಗೆ ಮಾಡಿಸುವುದಾದರೆ ಮುಚ್ಚಳ ತಾನಾಗಿ ಧಡಕ್ಕನೆ ಬೀಳದ ಹಾಗೆ ನಿಧಾನಕ್ಕೆ ಮುಚ್ಚುವ ಕೀಲು ಹಾಕಿಸಿ. ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಪೆಟ್ಟಿಗೆಯ ತಳ ನೆಲಕ್ಕಿಂತ ಸ್ವಲ್ಪ ಮೇಲಿರಲಿ, ಗಾಳಿಯಾಡಲು ತೂತಿರಲಿ. ಇಲ್ಲದಿದ್ದರೆ ಒಳಗಿಟ್ಟ ಮೆತ್ತೆಗೆ ಬೂಷ್ಟು ಹಿಡಿಯುತ್ತದೆ.

ನಾಲ್ಕನೆಯದು: ನೀರು ಹೋಗುವ ದಾರಿ

ಗಟ್ಟಿ ನೆಲ ಹಾಕಿದ ಕೂಡಲೇ ಮಳೆನೀರು ಇಂಗುವುದು ನಿಲ್ಲುತ್ತದೆ. ಅದು ಎಲ್ಲಿಗಾದರೂ ಹೋಗಲೇಬೇಕು. ಮನೆಯಿಂದ ಆಚೆಗೆ ಅಡಿಗೆ ಕಾಲು ಇಂಚಿನಂತೆ ವಾಟ ಕೊಡಿ. 12 ಅಡಿ ನೆಲಕ್ಕೆ 3 ಇಂಚು ಇಳಿಜಾರು ಆಯಿತು. ಕಣ್ಣಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಹೊರಗಿನ ನೆಲ ಮನೆಯ ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಲಿ.

ಈಗ ತಮಾಷೆ ನೋಡಿ. ಇಳಿಜಾರಿನ ಕೆಳತುದಿಗೆ ಅಡ್ಡಲಾಗಿ ಉದ್ದ ಬೆಂಚು ಕಟ್ಟಿಸಿದರೆ ನೀವು ಕಟ್ಟಿಸಿದ್ದು ಬೆಂಚಲ್ಲ, ಒಡ್ಡು. ಬೆಂಚಿನ ಕೆಳಗೆ ನೆಲಮಟ್ಟದಲ್ಲಿ ತೂತು ಬಿಡಿಸಿ, ಇಲ್ಲವೇ ಮುಂದೆ ಜಾಲರಿ ಮುಚ್ಚಿದ ಚರಂಡಿ ಮಾಡಿಸಿ. ಇದನ್ನು ಮೊದಲೇ ಯೋಚಿಸದಿದ್ದರೆ ಆಮೇಲೆ ಕಲ್ಲು ಕೊರೆಯಬೇಕಾಗುತ್ತದೆ. ಎಲ್ಲ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡುವುದು ಸರಿ. ಆದರೆ ಟೈಲ್ಸ್ ಹಾಕುವ ಮೊದಲೂ ಒಮ್ಮೆ ಸುರಿದು ನೋಡಿ. ತಿದ್ದಲು ಸುಲಭ ಆಗಲೇ.

ಕಟ್ಟಿದ ಗಿಡತೊಟ್ಟಿಯ ಭಾರ ಜನರಿಗೆ ಅಂದಾಜಿರುವುದಿಲ್ಲ. ಒದ್ದೆ ಮಣ್ಣು ಒಂದು ಘನ ಅಡಿಗೆ ಹತ್ತಿರ ಹತ್ತಿರ 50 ಕಿಲೋ ತೂಗುತ್ತದೆ. 6 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಹದಿಮೂರೂವರೆ ಘನ ಅಡಿ ಮಣ್ಣು. ಅಂದರೆ ಸುಮಾರು 675 ಕಿಲೋ, ತೊಟ್ಟಿಯ ಗೋಡೆ ಬಿಟ್ಟು. ನೆಲದ ಮೇಲಾದರೆ ಇದಕ್ಕೆ ಪಾಯ ಬೇಕು. ಮರದ ಹಲಗೆಯ ಡೆಕ್ ಮೇಲಾದರೆ ಎಂಜಿನಿಯರ್ ಬೇಕು. ತೊಟ್ಟಿಯ ಒಳಮೈಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ತಳದಲ್ಲಿ ನೀರು ಹೋಗಲು ತೂತು ಬಿಡಿ. ಇಲ್ಲವಾದರೆ ನೀರು ಗೋಡೆಯಲ್ಲೇ ಜಿನುಗಿ ಹೊರಗೆ ಬಿಳಿ ಉಪ್ಪಿನ ಕಲೆ ಏಳುತ್ತದೆ, ಎಷ್ಟು ಉಜ್ಜಿದರೂ ಮತ್ತೆ ಬರುತ್ತದೆ. ಸಣ್ಣ ಗಿಡಕ್ಕೆ 1 ಅಡಿ ಮಣ್ಣು ಸಾಕು, ಪೊದೆಗೆ ಒಂದೂವರೆಯಿಂದ 2 ಅಡಿ. ಬೆಂಚಿನ ಪಕ್ಕದ ತೊಟ್ಟಿಗೆ ಮುಳ್ಳಿನ ಗಿಡ ಬೇಡ.

ಮನೆಯ ಗೋಡೆಗೆ ಅಂಟಿಸಿ ಗಿಡತೊಟ್ಟಿ ಕಟ್ಟಲೇಬೇಡಿ. ಬೆಂಚಾದರೂ ಅಷ್ಟೇ, ಮನೆಗೆ ಸೇರಿಸಿ ಕಟ್ಟದೆ ನಡುವೆ ಅರ್ಧ ಇಂಚು ಸಂದು ಬಿಟ್ಟು ಸೀಲೆಂಟ್ ತುಂಬಿಸಿ. ಹಳೆ ಪಾಯ ಕುಸಿಯುವಷ್ಟು ಕುಸಿದು ಕೂತಾಗಿದೆ. ಹೊಸದು ಇನ್ನು ಕೂರಬೇಕು. ಎರಡನ್ನೂ ಒಂದಕ್ಕೊಂದು ಬೆಸೆದರೆ ಬಿರುಕು ಖಂಡಿತ.

ಇಳಿಜಾರಿನ ಮಣ್ಣು ತಡೆಯುವ ಗೋಡೆಯಾದರೆ ಅದರ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ತೂತು ಬಿಡಿ. 3 ಅಡಿಗಿಂತ ಎತ್ತರ ಹೋಗುವುದಾದರೆ ಮೇಸ್ತ್ರಿಯ ಅನುಭವದ ಮೇಲೆ ಬಿಡದೆ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿ.

ಐದನೆಯದು: ಬೆಂಕಿ

ಫೈರ್ ಪಿಟ್ ಅಂತಾರಲ್ಲ, ಆ ಬೆಂಕಿಗುಂಡಿ ಮನೆ, ಬೇಲಿ, ಮರದ ಚಪ್ಪರ ಎಲ್ಲದರಿಂದ ಕನಿಷ್ಠ 10 ಅಡಿ ದೂರ ಇರಬೇಕು. ಕೆಲವು ಕಡೆ ನಿಯಮ ಇನ್ನೂ ಜಾಸ್ತಿ ಕೇಳುತ್ತದೆ, ಮೊದಲೇ ವಿಚಾರಿಸಿ. ಮೇಲೆ ಕೊಂಬೆಗಳಿರಬಾರದು. ಒಳಗೆ 3 ಅಡಿ ಅಗಲ, ಗೋಡೆ ಒಂದಡಿ ಎತ್ತರ ಇದ್ದರೆ ಆರೇಳು ಜನರಿಗೆ ಧಾರಾಳ. ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆಯನ್ನೇ ಹಾಕಿಸಿ. ಹೊಳೆಯಿಂದ ತಂದ ಚೆಂದದ ಉರುಟು ಕಲ್ಲು ಬೇಡ. ಅದರೊಳಗೆ ಸೇರಿಕೊಂಡ ನೀರು ಕಾದು ಆವಿಯಾದಾಗ ಕಲ್ಲು ಸಿಡಿಯಬಹುದು. ತಳಕ್ಕೆ ಜಲ್ಲಿ ಹಾಕಿ, ಮಳೆನೀರು ಇಳಿದುಹೋಗಲಿ. ಇಲ್ಲದಿದ್ದರೆ ಅದು ಸೊಳ್ಳೆ ಸಾಕುವ ಗುಂಡಿ.

ಸುತ್ತ ಪೂರ್ತಿ ವೃತ್ತದಲ್ಲಿ ಬೆಂಚು ಕಟ್ಟಿಸುವ ಆಸೆ ಎಲ್ಲರಿಗೂ ಬರುತ್ತದೆ. ನೋಡಲು ಚೆಂದ, ನಿಜ. ಆದರೆ ಹೊಗೆ ಯಾವುದೋ ಒಂದು ಕಡೆ ಹೋಗಲೇಬೇಕು, ಆ ಕಡೆ ಕೂತವರು ಕಣ್ಣು ಉಜ್ಜುತ್ತಲೇ ಇರುತ್ತಾರೆ. ರಿಬ್ಬನ್ ಹಾರಿದ ದಿಕ್ಕನ್ನು ಖಾಲಿ ಬಿಟ್ಟು ಉಳಿದ ಕಡೆ ಅರ್ಧವೃತ್ತ ಕಟ್ಟಿಸಿ. ಖಾಲಿ ಕಡೆಗೆ ಕುರ್ಚಿ ಹಾಕಿಕೊಳ್ಳಬಹುದು, ಹೊಗೆ ಬಂದರೆ ಎತ್ತಿಕೊಂಡು ಓಡಬಹುದು. ಗುಂಡಿಯ ಅಂಚಿಗೂ ಬೆಂಚಿಗೂ 4 ಅಡಿ ಅಂತರ ಇಡಿ. ಕುರ್ಚಿಯಾದರೆ ಕಾವು ಜಾಸ್ತಿಯಾದಾಗ ಹಿಂದೆ ಸರಿಸಬಹುದು, ಇದನ್ನು ಸರಿಸುವಂತಿಲ್ಲ ಅಲ್ವಾ.

ಗ್ಯಾಸ್ ಒಲೆ ಇಡುವ ಕಟ್ಟೆಯ ವಿಷಯಕ್ಕೆ ಬಂದರೆ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ಕೆಳಗಿಳಿದು ತಗ್ಗಿನಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಗೂಡಿಗೆ ನೆಲಮಟ್ಟದಲ್ಲೇ, ಎದುರು ಬದುರು ಗೋಡೆಯಲ್ಲಿ ಗಾಳಿಕಿಂಡಿ ಇರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದು ಮೇಲಕ್ಕೇರುತ್ತದೆ. ಅದಕ್ಕೆ ಕಿಂಡಿ ಮೇಲ್ಗಡೆ ಬೇಕು. ಯಾವುದು ಬರುತ್ತದೋ ಗೊತ್ತಿಲ್ಲದಿದ್ದರೆ ಮೇಲೆ ಕೆಳಗೆ ಎರಡೂ ಕಡೆ ಬಿಡಿಸಿ. ನೋಡಲು ಚೆನ್ನಾಗಿಲ್ಲ ಅಂತ ಕಿಂಡಿ ಮುಚ್ಚಿಸಿದವರನ್ನು ಕಂಡಿದ್ದೇನೆ. ಅದೇ ಗೂಡಿನಲ್ಲಿ ಸ್ವಿಚ್, ಪ್ಲಗ್ ಏನೂ ಇರಬಾರದು. ನೆಲವನ್ನು ತಗ್ಗಿಸಿ ಮಾಡಿದ ಕೂರುವ ಜಾಗದಲ್ಲಿ ಸಿಲಿಂಡರ್ ಇಡಲೇಬೇಡಿ. ಗ್ಯಾಸ್ ಲೈನ್ ಎಳೆಯುವುದು ಪರವಾನಗಿ ಇದ್ದವರ ಕೆಲಸ, ಇದರಲ್ಲಿ ಉಳಿತಾಯ ಬೇಡ.

ಕಟ್ಟೆಯ ಎತ್ತರ 36 ಇಂಚು, ಆಳ 24 ಇಂಚು. ನಿಂತು ಅಡುಗೆ ಮಾಡುವವರ ಮೊಣಕೈ ಎಲ್ಲಿ ಬರುತ್ತದೆ ನೋಡಿ ಸ್ವಲ್ಪ ಆಚೀಚೆ ಮಾಡಿ. ಒಲೆಯ ಒಂದು ಪಕ್ಕ 2 ಅಡಿ, ಇನ್ನೊಂದು ಪಕ್ಕ 1 ಅಡಿ ಖಾಲಿ ಕಟ್ಟೆ ಬೇಕು. ಬಿಸಿ ಪಾತ್ರೆ ಇಳಿಸಲು ಜಾಗವಿಲ್ಲದೆ ಸುತ್ತ ನೋಡುವುದು ಬೇಡ. ಒಲೆಯನ್ನು ಮೊದಲು ಕೊಂಡು, ಅದರ ಜೊತೆ ಬಂದ ಕಾಗದದಲ್ಲಿರುವ ಅಳತೆಗೆ ಕಟ್ಟೆ ಕೊರೆಸಿ. ಕಟ್ಟೆ ಮೊದಲು ಕಟ್ಟಿ ಒಲೆ ಹುಡುಕಿದರೆ ಎರಡು ಅಂಗುಲ ಯಾವಾಗಲೂ ಕಮ್ಮಿ ಬೀಳುತ್ತದೆ. ಸಿಂಕ್ ನಿಜವಾಗಲೂ ಬೇಕಾ ಅಂತಲೂ ಕೇಳಿಕೊಳ್ಳಿ. ನೀರು ತರುವುದು ಸುಲಭ, ಕೊಳೆನೀರು ಕಳಿಸುವುದು ಕಷ್ಟ. ಅಡುಗೆಮನೆ ಹತ್ತೇ ಹೆಜ್ಜೆ ದೂರದಲ್ಲಿದ್ದರೆ ಒಂದು ನಲ್ಲಿ ಸಾಕು.

ಆರನೆಯದು: ವೈರು, ದೀಪ, ನೆರಳು

ಪ್ಲಗ್ ಪಾಯಿಂಟು ಎಷ್ಟು ಬೇಕು ಅಂತ ಬರೆದು, ಅದಕ್ಕೆ ಎರಡು ಕೂಡಿಸಿ. ಹೊರಗಿನ ಲೈನು ಬೇರೆಯೇ ಇರಲಿ, ಅದಕ್ಕೆ 30 ಮಿಲಿಆಂಪ್ ಕರೆಂಟ್ ಸೋರಿದರೂ ತಾನಾಗಿ ಲೈನು ಕಡಿಯುವ ಆರ್‌ಸಿಸಿಬಿ ಸ್ವಿಚ್ ಇರಲಿ. ಪ್ಲಗ್ಗಿಗೆ ಮಳೆ ತಡೆಯುವ ಮುಚ್ಚಳ ಹಾಕಿಸಿ.

ದೀಪಕ್ಕೆ 12 ವೋಲ್ಟಿನ ವ್ಯವಸ್ಥೆ ಒಳ್ಳೆಯದು. ತೋಟ ಅಗೆಯುವಾಗ ವೈರ್ ತುಂಡಾದರೂ ಜೀವಕ್ಕೆ ಅಪಾಯ ಕಮ್ಮಿ. ಆದರೆ ವೈರ್ ಉದ್ದವಾದಷ್ಟೂ ಕೊನೆಯ ದೀಪ ಮಂಕಾಗುತ್ತದೆ, ದೂರ ಜಾಸ್ತಿ ಇದ್ದರೆ ದಪ್ಪ ವೈರ್ ಹಾಕಿಸಿ. ಬಣ್ಣ 2700 ಕೆಲ್ವಿನ್ ಸುತ್ತಮುತ್ತ ಇರಲಿ, ಅಂದರೆ ಹಳದಿ ಛಾಯೆ. ಬಿಳಿ ದೀಪಕ್ಕಿಂತ ಇದಕ್ಕೆ ಹುಳು ಮುತ್ತುವುದೂ ಕಮ್ಮಿ. ಬೆಂಚಿನ ಚಾಚಿನ ಕೆಳಗೆ, ಮೆಟ್ಟಿಲಿನ ಅಂಚಿನಲ್ಲಿ ಇಟ್ಟರೆ ಬೆಳಕು ಕಾಣುತ್ತದೆ, ಬಲ್ಬು ಕಣ್ಣಿಗೆ ಹೊಡೆಯುವುದಿಲ್ಲ.

ಚಪ್ಪರದ ಬಗ್ಗೆ ಎರಡೇ ಮಾತು. ತಲೆಯ ಮೇಲಿನ ನೆರಳು ಮಧ್ಯಾಹ್ನಕ್ಕೆ ಮಾತ್ರ. ಸಂಜೆಯ ಪಶ್ಚಿಮದ ಬಿಸಿಲು ಅಡ್ಡಡ್ಡ ಬರುತ್ತದೆ, ಅದಕ್ಕೆ ಪಕ್ಕದಲ್ಲಿ ಪರದೆಯೋ ಬಳ್ಳಿಯೋ ಬೇಕು. ಇನ್ನೊಂದು, ಮರದ ಕಂಬವನ್ನು ಕಾಂಕ್ರೀಟಿನೊಳಗೆ ಹೂಳಬೇಡಿ, ನೀರು ನಿಂತು ಬುಡ ಕೊಳೆಯುತ್ತದೆ. ಪಾಯಕ್ಕೆ ಲೋಹದ ಕಾಲು ಕೂರಿಸಿ ಅದರ ಮೇಲೆ ಕಂಬ ನಿಲ್ಲಿಸಿ.

ಸಾಮಗ್ರಿ ಆರಿಸುವಾಗ ಅಂಗಡಿಯ ನೆರಳಿನಲ್ಲಿ ನೋಡಿ ಮರುಳಾಗಬೇಡಿ. ಒಂದು ತುಂಡು ತಂದು ಮಧ್ಯಾಹ್ನವಿಡೀ ಬಿಸಿಲಲ್ಲಿಟ್ಟು ಅಂಗೈ ಊರಿ ನೋಡಿ. ಕಪ್ಪು ಕಲ್ಲಿನ ಮೇಲೆ ಕೂರಲಾಗದು ಅಂತ ಕೈಯೇ ಹೇಳುತ್ತದೆ. ಅದೇ ತುಂಡಿಗೆ ನೀರು ಹಾಕಿ ಕಾಲಿಟ್ಟು ನೋಡಿ, ಜಾರಿದರೆ ನೆಲಕ್ಕೆ ಬೇಡ. ಅಡುಗೆಕಟ್ಟೆಗೆ ಗ್ರಾನೈಟ್ ಸರಿ. ಕೃತಕ ಕ್ವಾರ್ಟ್ಜ್‌ನಲ್ಲಿ ರಾಳ ಬೆರೆತಿರುತ್ತದೆ, ಬಿಸಿಲಿಗೆ ಬಣ್ಣ ತಿರುಗುತ್ತದೆ. ಸಮುದ್ರ ಹತ್ತಿರವಿದ್ದರೆ 304 ದರ್ಜೆಯ ಸ್ಟೀಲು ಬೇಡ, ಉಪ್ಪುಗಾಳಿಗೆ ಹೆಚ್ಚು ತಡೆಯುವ 316 ದರ್ಜೆಯದು ಕೇಳಿ.

ಏಳನೆಯದು: ಕೆಲಸದ ಸರದಿ

ಅಗೆಯುವ ಮೊದಲು ಹಳೆ ಪೈಪು, ವೈರು ಎಲ್ಲಿ ಹಾದಿವೆ ಪತ್ತೆ ಮಾಡಿ. ಆಮೇಲೆ ಪಾಯ, ಚರಂಡಿ, ನೆಲದಡಿಯ ಪೈಪುಗಳು, ಗೋಡೆ, ನೆಲ. ಗಿಡ ಕೊನೆಗೆ. ಗಿಡ ಮೊದಲು ನೆಟ್ಟರೆ ಸಿಮೆಂಟ್ ಚೀಲ ಹೊತ್ತವರು ಅದರ ಮೇಲೇ ನಡೆಯುತ್ತಾರೆ.

ನೆಲಕ್ಕೆ ಕಾಂಕ್ರೀಟ್ ಬೀಳುವ ಮೊದಲು ಅದರಡಿ 4 ಇಂಚಿನ ಖಾಲಿ ಪಿವಿಸಿ ಪೈಪ್ ಎರಡು ಅಡ್ಡ ಹಾಯಿಸಿ, ಎರಡೂ ಬಾಯಿಗೆ ಮುಚ್ಚಳ ಹಾಕಿ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ವೈರ್ ಎಳೆಯಲು ಬೇಕಾಗುತ್ತದೆ. ಒಂದು ಪೈಪ್ ಕರೆಂಟಿಗೆ, ಇನ್ನೊಂದು ನೀರಿಗೆ. ಇವತ್ತು ಯಾವುದೂ ಬೇಡದಿರಬಹುದು. ಈಗ ಇದು ಅರ್ಧ ಗಂಟೆಯ ಕೆಲಸ. ಆಮೇಲೆ ನೆನಪಾದರೆ ನೆಲ ಒಡೆಯುವ ಕೆಲಸ.

ಪೈಪುಗಳೆಲ್ಲ ತೆರೆದು ಕಾಣುತ್ತಿರುವಾಗ, ಮುಚ್ಚುವ ಹಿಂದಿನ ಸಂಜೆ, ಟೇಪನ್ನು ಮನೆಯ ಗೋಡೆಯಿಂದ ಪೈಪಿನವರೆಗೆ ಎಳೆದಿಟ್ಟು ಫೋಟೋ ತೆಗೆಯಿರಿ. ಟೇಪಿನ ಅಂಕಿ ಓದುವ ಹಾಗಿರಲಿ. ಒಂದು ಪ್ರತಿ ಮುದ್ರಿಸಿ ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿಬಿಡಿ. ಮುಂದೆ ಎಂದಾದರೂ ಡ್ರಿಲ್ ಹಿಡಿದು ಬರುವವರು ಮೊದಲು ತೆರೆಯುವುದು ಆ ಬಾಗಿಲನ್ನೇ.